ಇಕ್ಕಳ ಯಾರ ಕೈಯಲ್ಲಿ?

ಮೇ 8 ಹತ್ತಿರವಾದಂತೆ ದಕ್ಷಿಣ ಕೊರಿಯಾದ ಹೂವಿನಂಗಡಿಗಳಲ್ಲಿ ಕೆಂಪು ಕಾರ್ನೇಷನ್ ಹೂಗಳ ರಾಶಿ ಏಳುತ್ತದೆ. ಅಂದು ಅಲ್ಲಿ ಅಪ್ಪ-ಅಮ್ಮಂದಿರ ದಿನ. 1956ರಲ್ಲಿ ತಾಯಂದಿರ ದಿನವಾಗಿ ಶುರುವಾದದ್ದು 1973ರಲ್ಲಿ ತಂದೆಯರನ್ನೂ ಸೇರಿಸಿಕೊಂಡು ಹೆಸರು ಬದಲಿಸಿಕೊಂಡಿತು. ಅದಕ್ಕೆ ಮೂರು ದಿನ ಮುಂಚೆ, 5ನೇ ತಾರೀಖು, ಮಕ್ಕಳ ದಿನ. ಹಾಗಾಗಿ ಇಡೀ ಮೇ ತಿಂಗಳನ್ನೇ ಕೊರಿಯನ್ನರು ಕುಟುಂಬದ ತಿಂಗಳು ಎನ್ನುತ್ತಾರೆ. ಅಮ್ಮನಿಗೆ ಹೂ ಕೊಟ್ಟು, ಲಕೋಟೆಯಲ್ಲಿ ದುಡ್ಡಿಟ್ಟು ಕೈಗೆ ಕೊಟ್ಟ ಮೇಲೆ ಉಳಿಯುವುದು ಊಟ. ಆ ಒಂದು ದಿನವಾದರೂ ಅಮ್ಮ ಅಡುಗೆಮನೆಗೆ ಹೋಗಬಾರದು ಎಂದು ಮನೆಮಂದಿಯೆಲ್ಲ ಹೋಟೆಲಿಗೆ ಹೊರಡುತ್ತಾರೆ. ಎಲ್ಲರ ಮನಸ್ಸಿಗೂ ಒಂದೇ ಹೊತ್ತಿಗೆ ಅದೇ ಬಂದಿರುತ್ತದೆ. ಸಂಜೆ ಆರಾಗುವಷ್ಟರಲ್ಲಿ ಗಾಲ್ಬಿ ಹೋಟೆಲುಗಳ ಬಾಗಿಲಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ಗಾಲ್ಬಿ ಎಂದರೆ ದನದ ಪಕ್ಕೆಲುಬಿನ ಮಾಂಸ. ಮೇಜಿನ ನಡುವೆಯೇ ಇದ್ದಿಲ ಕೆಂಡವಿಟ್ಟು, ಮೇಲೆ ಜಾಲರಿ ಹಾಸಿ, ತಿನ್ನುವವರ ಕಣ್ಣೆದುರಲ್ಲೇ ಸುಡುವ ಊಟ. ಕೊರಿಯಾದಲ್ಲಿ ಇದು ದಿನನಿತ್ಯದ ತಿಂಡಿಯಲ್ಲ, ದುಬಾರಿ ಪದಾರ್ಥ. ಹುಟ್ಟುಹಬ್ಬ, ಮಗ ಕೆಲಸಕ್ಕೆ ಸೇರಿದ ದಿನ, ಅಜ್ಜನಿಗೆ ಎಪ್ಪತ್ತು ತುಂಬಿದ ದಿನ, ಇಂಥ ಹೊತ್ತಿನಲ್ಲಿ ಮನೆಯವರು ಕೂಡಿ ಹೋಗುವುದು ಅಲ್ಲಿಗೆ.

ಬಾಗಿಲಲ್ಲಿ ಒಂದು ಟಚ್‌ಸ್ಕ್ರೀನ್ ಇರುತ್ತದೆ. ಅದರ ಮೇಲೆ ಫೋನ್ ನಂಬರು, ಬಂದವರೆಷ್ಟು ಜನ ಎಂಬುದನ್ನು ಒತ್ತಿದರೆ ಸರದಿ ಬಂದಾಗ ಮೆಸೇಜ್ ಆ್ಯಪ್ ಕಾಕಾವೊಟಾಕ್‌ನಲ್ಲಿ ಸಂದೇಶ ಬರುತ್ತದೆ. ಅಲ್ಲಿಯವರೆಗೆ ಕಾಯಬೇಕು. ಕಾಯುವ ಆ ಗುಂಪನ್ನು ನೋಡುವುದೇ ಒಂದು ಸಂತೋಷ. ಕೋಟಿಗೆ ಕಾರ್ನೇಷನ್ ಸಿಕ್ಕಿಸಿಕೊಂಡ ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾಳೆ. ಮೊಮ್ಮಗ ಅವಳ ಮೊಣಕಾಲಿಗೆ ಆತು ನಿಂತಿರುತ್ತಾನೆ. ಸೊಸೆ ತಳ್ಳುಗಾಡಿಯನ್ನು ಹಿಂದೆ ಮುಂದೆ ಆಡಿಸುತ್ತಿರುತ್ತಾಳೆ. ಅಳಿಯ ಕಾರು ನಿಲ್ಲಿಸಲು ಹೋದವನು ಇನ್ನೂ ಬಂದಿರುವುದಿಲ್ಲ. ಒಳಗಿನಿಂದ ಸುಟ್ಟ ಮಾಂಸದ ವಾಸನೆ, ಪಾತ್ರೆಗಳ ಸದ್ದು, ಗಂಟೆಯ ಟಿಂಗ್ ಟಿಂಗ್. ಹಸಿವು ಹೆಚ್ಚಾಗುತ್ತದೆ, ಮಾತೂ ಹೆಚ್ಚಾಗುತ್ತದೆ.

ಈ ಊಟಕ್ಕೆ ಹೆಸರಾದ ಊರು ಸುವೊನ್. ರಾಜಧಾನಿ ಸಿಯೋಲ್‌ನಿಂದ ದಕ್ಷಿಣಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು. ಹಳೆಯ ಊರ ಸುತ್ತ ಹ್ವಾಸೊಂಗ್ ಕೋಟೆಯಿದೆ. ದೊರೆ ಜೊಂಗ್‌ಜೊ 1794ರಿಂದ 1796ರವರೆಗೆ ಕಟ್ಟಿಸಿದ ಈ ಕೋಟೆ 1997ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಹೊಸ ಊರಿನ ಸುತ್ತ ಬೇಸಾಯ ಬೆಳೆಯಲೆಂದು ದೊರೆ ಹೊಲಗಳನ್ನು ಮಾಡಿಸಿ ಉಳುವುದಕ್ಕೆ ಎತ್ತುಗಳನ್ನು ಒದಗಿಸಿದ. ಕಾಲಕ್ರಮದಲ್ಲಿ ಸುವೊನ್‌ನ ದನದ ಸಂತೆ ದೇಶದ ದೊಡ್ಡ ಸಂತೆಗಳಲ್ಲಿ ಒಂದಾಯಿತು. ಸಂತೆ ಇದ್ದ ಕಡೆ ಮಾಂಸವೂ ಬಂತು. 1940ರ ದಶಕದಲ್ಲಿ ಯೊಂಗ್‌ಡೊಂಗ್ ಮಾರುಕಟ್ಟೆಯ ಬಳಿ ಶುರುವಾದ ಹ್ವಾಚುನೊಕ್ ಎಂಬ ಹೋಟೆಲು ಮುಂದೆ ಗಾಲ್ಬಿಗೆ ಹೆಸರು ಮಾಡಿತು. ಬೇರೆ ಊರುಗಳಲ್ಲಿ ಮಾಂಸವನ್ನು ಸೋಯಾ ಸಾಸಿನಲ್ಲಿ ನೆನೆಸಿದರೆ ಸುವೊನ್‌ನವರು ಉಪ್ಪಿನಲ್ಲಿ ನೆನೆಸುತ್ತಾರೆ. ಎಲುಬಿನ ತುಂಡೂ ದೊಡ್ಡದು. 2019ರ ಆರಂಭದಲ್ಲಿ ಬಂದ ‘ಎಕ್ಸ್‌ಟ್ರೀಮ್ ಜಾಬ್’ ಎಂಬ ಹಾಸ್ಯಚಿತ್ರದಲ್ಲಿ ಪೊಲೀಸರು ಮಾದಕವಸ್ತು ದಂಧೆಯವರ ಮೇಲೆ ಕಣ್ಣಿಡಲೆಂದು ಕೋಳಿ ಅಂಗಡಿ ನಡೆಸುತ್ತಾರೆ. ಸುವೊನ್ ಗಾಲ್ಬಿಯ ಮಸಾಲೆಯನ್ನೇ ಕೋಳಿಗೆ ಬಳಿದು ಮಾರಿದಾಗ ಅಂಗಡಿಗೆ ಜನ ಮುಗಿಬೀಳುತ್ತಾರೆ. ಆ ಚಿತ್ರವನ್ನು ನೋಡಿದವರು 1 ಕೋಟಿ 60 ಲಕ್ಷಕ್ಕೂ ಹೆಚ್ಚು. ಅದನ್ನು ನೋಡಿದವರು ಸುವೊನ್‌ನ ಕೋಳಿ ಬೀದಿಗೆ ಬಂದು ಅದೇ ತಿಂಡಿ ಕೇಳತೊಡಗಿದರು, ಅಂಗಡಿಯವರು ಮಾಡಿಯೂ ಕೊಟ್ಟರು.

ಈ ಊರಿನ ಇನ್ನೊಂದು ಊಟದ ಕಥೆ ಗಾಲ್ಬಿಗಿಂತ ಹಳೆಯದು, ಮನಸ್ಸಿಗೆ ಹೆಚ್ಚು ತಟ್ಟುವಂಥದು. ಜೊಂಗ್‌ಜೊ ಇನ್ನೂ ಹುಡುಗನಾಗಿದ್ದಾಗ, 1762ರಲ್ಲಿ, ಅವನ ತಂದೆ ರಾಜಕುಮಾರ ಸಾದೊ ಸತ್ತ. ಸ್ವಂತ ಅಪ್ಪನ, ಅಂದರೆ ಆಗಿನ ದೊರೆಯ ಅಪ್ಪಣೆಯಂತೆ ಅಕ್ಕಿ ಪೆಟ್ಟಿಗೆಯೊಳಗೆ ಕೂಡಿಹಾಕಿಸಿಕೊಂಡು ಸತ್ತದ್ದು ಅದು. ಮಗ ಪಟ್ಟಕ್ಕೆ ಬಂದ ಮೇಲೆ ತಂದೆಯ ಸಮಾಧಿಯನ್ನು ಸುವೊನ್ ಬಳಿಗೆ ತಂದ. 1795ರಲ್ಲಿ ತಾಯಿಗೆ ಅರವತ್ತಾದಾಗ ಎಂಟು ದಿನದ ಪಯಣ ಕಟ್ಟಿಕೊಂಡು ಸಾವಿರಾರು ಜನರ ಮೆರವಣಿಗೆಯಲ್ಲಿ ಅವಳನ್ನು ಇಲ್ಲಿಗೆ ಕರೆತಂದು ಅರಮನೆಯಲ್ಲಿ ಔತಣ ಮಾಡಿಸಿದ. ಊರಿನ ಮುದುಕರಿಗೂ ಬೇರೆ ಊಟ ಹಾಕಿಸಿದ. ಯಾವ ದಿನ ಯಾರ ಮುಂದೆ ಏನೇನು ಬಡಿಸಿದರು ಎಂಬುದನ್ನೆಲ್ಲ ಆಸ್ಥಾನದ ದಾಖಲೆಯಲ್ಲಿ ಬರೆದಿಡಲಾಗಿದೆ. ಗಂಡನನ್ನು ಹಾಗೆ ಕಳೆದುಕೊಂಡ ಹೆಂಗಸನ್ನು ಅರವತ್ತನೇ ವರ್ಷಕ್ಕೆ ಮಗ ಊಟಕ್ಕೆ ಕರೆದುಕೊಂಡು ಬಂದ ಊರು ಇದು. ಮೇ ತಿಂಗಳಲ್ಲಿ ಇಲ್ಲಿನ ಹೋಟೆಲುಗಳ ಮುಂದೆ ಅಮ್ಮಂದಿರ ಕೈಹಿಡಿದು ನಿಂತ ಮಕ್ಕಳನ್ನು ನೋಡುವಾಗ ಆ ಮೆರವಣಿಗೆ ನೆನಪಿಗೆ ಬಾರದೆ ಇರುವುದು ಕಷ್ಟ.

ಸಂದೇಶ ಬಂತೆಂದರೆ ಒಳಗೆ. ಕೂತ ಕೂಡಲೇ ದಪ್ಪ ಕೈಗವಸು ತೊಟ್ಟವನು ಕೆಂಡದ ಬಾನಿ ತಂದು ಮೇಜಿನ ಗುಳಿಯೊಳಗೆ ಇಳಿಸುತ್ತಾನೆ. ಮಕ್ಕಳ ಕೈ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಮೇಲಿನಿಂದ ಇಳಿಬಿಟ್ಟ ಹೊಗೆಕೊಳವೆಯನ್ನು ಜಾಲರಿಯ ಹತ್ತಿರಕ್ಕೆ ಎಳೆಯುತ್ತಾರೆ. ಚಮಚ, ಲೋಹದ ಕಡ್ಡಿಗಳು ಮೇಜಿನ ಪಕ್ಕದ ಖಾನೆಯಲ್ಲೇ ಇರುತ್ತವೆ, ಅವನ್ನು ತೆಗೆದು ಎಲ್ಲರ ಮುಂದೆ ಇಡುವುದು ಮನೆಯ ಕಿರಿಯರ ಕೆಲಸ. ಅಷ್ಟರಲ್ಲಿ ಸಣ್ಣ ಸಣ್ಣ ಬಟ್ಟಲುಗಳು ಬರತೊಡಗುತ್ತವೆ. ಎಲೆಕೋಸು ಹುದುಗಿಸಿ ಮಾಡಿದ ಕಿಮ್ಚಿ, ಮೂಲಂಗಿಯ ಉಪ್ಪಿನಕಾಯಿ, ಎಳ್ಳೆಣ್ಣೆ ಹಾಕಿದ ಮೊಳಕೆಕಾಳು, ಬೇಯಿಸಿದ ಸೊಪ್ಪು, ಬೆಳ್ಳುಳ್ಳಿ, ಹಸಿಮೆಣಸು, ಬುಟ್ಟಿ ತುಂಬ ಲೆಟ್ಯೂಸ್ ಮತ್ತು ಪೆರಿಲಾ ಎಲೆ. ಇವುಗಳಿಗೆ ಬಾಂಚಾನ್ ಎಂದು ಹೆಸರು. ಬಾಳೆಲೆಯ ತುದಿಗೆ ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಬಂದು ಕೂತ ಮೇಲೆ ಊಟಕ್ಕೆ ಕಳೆ ಬರುವ ಹಾಗೆ ಇಲ್ಲಿಯೂ ಬಾಂಚಾನ್ ಬಾರದೆ ಮೇಜು ತುಂಬುವುದಿಲ್ಲ. ಖಾಲಿಯಾದರೆ ಮತ್ತೆ ಕೇಳಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ಮೇಜಿನ ಗುಂಡಿ ಒತ್ತಿದರೆ ಯಾರಾದರೂ ಬರುತ್ತಾರೆ. ಹಲವು ಕಡೆ ಗೋಡೆಯ ಪಕ್ಕ ಜೋಡಿಸಿಟ್ಟಿರುತ್ತಾರೆ, ತಾವೇ ಹೋಗಿ ತಂದುಕೊಳ್ಳಬೇಕು. ಒಬ್ಬರು ತಿಂದುಳಿದದ್ದನ್ನು ಇನ್ನೊಬ್ಬರಿಗೆ ಬಡಿಸುವುದು ಕಾನೂನಿನಂತೆ ತಪ್ಪು.

ಈ ಪುಕ್ಕಟೆ ಬಟ್ಟಲುಗಳ ಹಿಂದೆ ಹೋಟೆಲಿನವರ ಕಷ್ಟವೂ ಇದೆ. 2010ರ ಶರತ್ಕಾಲದಲ್ಲಿ ಬೆಳೆ ಕೆಟ್ಟು ಎಲೆಕೋಸಿನ ಬೆಲೆ ಆಕಾಶಕ್ಕೇರಿದಾಗ ಅನೇಕ ಹೋಟೆಲುಗಳು ಕಿಮ್ಚಿಯನ್ನು ಅಳೆದು ಬಡಿಸಬೇಕಾಯಿತು. ಬೇಸಿಗೆಯ ಮಳೆ ಜೋರಾದ ವರ್ಷಗಳಲ್ಲಿ ಲೆಟ್ಯೂಸಿಗೆ ಚಿನ್ನದ ಬೆಲೆ ಬರುತ್ತದೆ. ಆದರೂ ಕಿಮ್ಚಿಗೆ ಬೆಲೆ ಕಟ್ಟುವುದಕ್ಕೆ ಅಲ್ಲಿನ ಹೋಟೆಲಿನವರಿಗೆ ಮನಸ್ಸು ಬರುವುದಿಲ್ಲ. ಇದು ದೊಡ್ಡತನ.

ಇನ್ನು ಇಕ್ಕಳ. ಈ ಊಟದ ಮುಖ್ಯ ವಿಷಯ ಇದೇ.

ಮೇಜಿನ ಮೇಲೆ ಒಂದು ಇಕ್ಕಳ, ಒಂದು ಕತ್ತರಿ ಇರುತ್ತವೆ. ಎಲುಬಿಗೆ ಅಂಟಿಕೊಂಡಂತೆಯೇ ಉದ್ದಕ್ಕೆ ಬಿಡಿಸಿ, ಅಡ್ಡಡ್ಡ ಗೀರು ಹಾಕಿದ ಮಾಂಸವನ್ನು ಇಕ್ಕಳದಿಂದ ಹಿಡಿದು ಜಾಲರಿಯ ಮೇಲೆ ಹಾಸಬೇಕು. ಮಸಾಲೆಯಲ್ಲಿ ಪೇರ್ ಹಣ್ಣು ಅರೆದು ಹಾಕಿರುವುದುಂಟು, ಅದು ಮಾಂಸವನ್ನು ಮೆತ್ತಗೆ ಮಾಡುತ್ತದೆ. ಆದರೆ ಹಣ್ಣಿನ ಸಿಹಿ, ಸಕ್ಕರೆ ಇರುವುದರಿಂದ ಒಂದು ಗಳಿಗೆ ಮೈಮರೆತರೂ ಸೀದುಹೋಗುತ್ತದೆ. ಆಗಾಗ ತಿರುವಬೇಕು, ಕತ್ತರಿಯಿಂದ ತುಂಡು ಮಾಡಬೇಕು, ಬೆಂದದ್ದನ್ನು ಅಂಚಿಗೆ ಸರಿಸಬೇಕು, ಜಾಲರಿ ಕಪ್ಪಾದರೆ ಬೇರೆಯದನ್ನು ತರಿಸಬೇಕು. ಎಲುಬಿನ ಸುತ್ತ ಉಳಿದ ಗಟ್ಟಿ ಮಾಂಸವನ್ನು ಕೊನೆಯಲ್ಲಿ ಸುಟ್ಟು ಕೈಯಲ್ಲೇ ಹಿಡಿದು ತಿನ್ನುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಸಿಬ್ಬಂದಿಯೇ ಬಂದು ಸುಟ್ಟುಕೊಡುವುದುಂಟು. ಜನ ಕಿಕ್ಕಿರಿದ ದಿನ ಅವರು ಒಮ್ಮೆ ತಿರುವಿ ಹಾಕಿ ಪಕ್ಕದ ಮೇಜಿಗೆ ಓಡುತ್ತಾರೆ, ಇಕ್ಕಳ ಮನೆಯವರ ಕೈಗೇ ಬರುತ್ತದೆ.

ಹಿಡಿದವನಿಗೆ ಸರಿಯಾಗಿ ಊಟವಿಲ್ಲ. ಬಿಸಿಯೆಲ್ಲ ಮುಖಕ್ಕೆ, ಕಣ್ಣೆಲ್ಲ ಕೆಂಡದ ಮೇಲೆ. ಆಫೀಸಿನ ಊಟಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಹೊಸದಾಗಿ ಸೇರಿದ ಕಿರಿಯ ನೌಕರನ ಪಾಲಿಗೆ. ಮನೆಯ ಊಟದಲ್ಲಿ ಅಪ್ಪನೋ ದೊಡ್ಡ ಮಗನೋ ಅಳಿಯನೋ ಅಂಗಿಯ ತೋಳು ಮಡಿಚಿ ಕೂರುತ್ತಾನೆ. ಮೊದಲ ತುಂಡು ಹಿರಿಯರ ಬಟ್ಟಲಿಗೆ. ಹಿರಿಯರು ಕಡ್ಡಿ ಎತ್ತುವವರೆಗೆ ಉಳಿದವರು ಕಾಯುತ್ತಾರೆ. ಅವರ ಲೋಟಕ್ಕೆ ಸುರಿಯುವಾಗ ಎರಡೂ ಕೈ ಹಿಡಿಯುತ್ತಾರೆ. ಅಂಗೈ ಮೇಲೆ ಎಲೆ ಹರಡಿ, ಮಾಂಸ, ಬೆಳ್ಳುಳ್ಳಿ, ಹುದುಗಿಸಿದ ಸೋಯಾ ಕಾಳಿನ ಖಾರದ ಗೊಜ್ಜು ಇಟ್ಟು ಮಡಿಚಿದ ತುತ್ತನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಳ್ಳಬೇಕು. ಆ ತುತ್ತನ್ನು ಕಟ್ಟಿ ಇನ್ನೊಬ್ಬರ ಬಾಯಿಗೆ ಇಡುವುದೂ ಉಂಟು. ಮಾತಿನಲ್ಲಿ ಬಿಗುಮಾನದ ಗಂಡುಮಕ್ಕಳು ಕೂಡ ಅಮ್ಮನ ಬಾಯಿಗೆ ಎಲೆಯ ತುತ್ತಿಡುವುದನ್ನು ಇಂಥ ಗದ್ದಲದ ನಡುವೆ ಕಾಣಬಹುದು. ಸುತ್ತ ನಲವತ್ತು ಮೇಜುಗಳ ಗಲಾಟೆ ಇದ್ದರೂ ಒಂದೊಂದು ಕೆಂಡದ ಸುತ್ತ ಒಂದೊಂದು ಮನೆ ಬೇರೆಯಾಗಿಯೇ ಕೂತಿರುತ್ತದೆ.

ಗಂಡಸರು ಇಕ್ಕಳ ಹಿಡಿಯುವುದಕ್ಕೆ ಇಷ್ಟು ಬೆಲೆ ಏಕೆಂದರೆ ಕೊರಿಯಾದ ಮನೆಗಳಲ್ಲಿ ಅಡುಗೆಯ ಭಾರ ಹೆಣ್ಣುಮಕ್ಕಳ ಮೇಲೆ ಬಿದ್ದಿರುವುದು. ಅದರಲ್ಲೂ ಚುಸೊಕ್ ಸುಗ್ಗಿ ಹಬ್ಬ, ಹೊಸ ವರ್ಷದ ಹಬ್ಬ ಬಂದರೆ ಪೂರ್ವಿಕರಿಗೆ ಎಡೆಯಿಡಲು ಸೊಸೆಯಂದಿರು ಒಲೆಯ ಮುಂದೆ ಕೂತು ಎಣ್ಣೆಯಲ್ಲಿ ಬಗೆಬಗೆಯ ತಿಂಡಿ ಕರಿಯಬೇಕು. ಗಂಡನ ಮನೆಯ ಹಿರಿಯರಿಗಾಗಿ ನಡೆಯುವ ಪೂಜೆಗೆ ಬೆವರು ಸುರಿಸುವವಳು ಬೇರೆ ಮನೆಯಿಂದ ಬಂದವಳು. ಇದರ ಮೇಲಿನ ಜಗಳ ಎಷ್ಟು ದೊಡ್ಡದಾಯಿತೆಂದರೆ, ಕನ್ಫ್ಯೂಷಿಯಸ್ ಸಂಪ್ರದಾಯದ ಕೇಂದ್ರವಾದ ಸಿಯೋಲ್‌ನ ಸೊಂಗ್‌ಕ್ಯೂನ್‌ಕ್ವಾನ್ ಸಂಸ್ಥೆಯೇ 2022ರ ಸೆಪ್ಟೆಂಬರಿನಲ್ಲಿ ಎಡೆಗೆ ಒಂಬತ್ತು ಬಗೆ ಸಾಕು, ಕರಿದ ತಿಂಡಿ ಇಡಲೇಬೇಕೆಂದಿಲ್ಲ ಎಂದು ಹೇಳಿತು. ಶಾಸ್ತ್ರ ತಿಳಿದವರೇ ಹೀಗೆ ಹೇಳಿದ್ದು ಬಹಳ ಮನೆಗಳಲ್ಲಿ ನೆಮ್ಮದಿಯ ನಿಟ್ಟುಸಿರಿಗೆ ಕಾರಣವಾಗಿರಬೇಕು. ಗಾಲ್ಬಿ ಮೇಜು ಯಾವ ಘೋಷಣೆಯೂ ಇಲ್ಲದೆ ಒಲೆಯನ್ನು ಎಲ್ಲರ ನಡುವೆ ತಂದಿಟ್ಟು ಇಕ್ಕಳವನ್ನು ಗಂಡಸಿನ ಕೈಗೆ ಕೊಟ್ಟಿತು.

ಹಾಗೆಂದು ಎಲ್ಲವೂ ಸರಿಹೋಯಿತು ಎನ್ನಲಾಗದು. ಅದೇ ಮೇಜಿನಲ್ಲಿ ಮಗುವಿಗೆ ಮಾಂಸವನ್ನು ಇನ್ನೂ ಸಣ್ಣಗೆ ಕತ್ತರಿಸಿ, ಊದಿ ಆರಿಸಿ ತಿನ್ನಿಸುವವಳು ಅಮ್ಮನೇ. ಎಷ್ಟೋ ಹೋಟೆಲುಗಳಲ್ಲಿ ಮಕ್ಕಳಿಗೆಂದು ಆಟದ ಕೋಣೆ ಇರುತ್ತದೆ. ಅಲ್ಲಿ ಮಗು ಬಿದ್ದರೆ ಊಟ ಬಿಟ್ಟು ಓಡುವವಳೂ ಅವಳೇ. ಇನ್ನು ಮೇಜಿನಿಂದ ಮೇಜಿಗೆ ಬಟ್ಟಲು ಹೊತ್ತು ಓಡುವ ಹೆಂಗಸರು. ಅವರಲ್ಲಿ ಅನೇಕರು ಚೀನಾದ ಯಾನ್‌ಬಿಯಾನ್ ಕಡೆಯಿಂದ ದುಡಿಯಲು ಬಂದ ಕೊರಿಯನ್ ಮೂಲದವರು. ಬೇರೆಯವರ ಮನೆಮಂದಿ ಕೂಡಿ ಉಣ್ಣುವ ದಿನವೇ ಅವರಿಗೆ ಅತಿ ಹೆಚ್ಚು ಕೆಲಸ, ಅವರ ಮಕ್ಕಳು, ಅಪ್ಪ-ಅಮ್ಮ ಎಲ್ಲೋ ದೂರ. ಕೊರಿಯಾದಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ. ಏಳುವಾಗ ತಿರುಗಿ ಚೆನ್ನಾಗಿ ಉಂಡೆವು ಎಂದು ಹೇಳುವ ರೂಢಿ ಇದೆ. ಅದನ್ನು ತಪ್ಪಿಸಬಾರದು.

ಈ ಊರಿಗೆ ಕನ್ನಡಿಗರ ನಂಟೂ ಇದೆ. ಸುವೊನ್‌ನಲ್ಲೇ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಮುಖ್ಯ ಕಚೇರಿ ಇದೆ. ಆ ಕಂಪನಿಗೆ ಬೆಂಗಳೂರಿನಲ್ಲಿ 1996ರಿಂದಲೂ ಸಂಶೋಧನಾ ಕೇಂದ್ರವಿದೆ. ಬೆಂಗಳೂರಿನ ಎಂಜಿನಿಯರರು ಕೆಲಸದ ಮೇಲೆ ಸುವೊನ್‌ಗೆ ಹೋಗುವುದು, ಕೆಲವರು ಅಲ್ಲಿಯೇ ಸಂಸಾರ ಹೂಡುವುದು ಹೊಸದೇನಲ್ಲ. ಕನ್ನಡದ ಅಪ್ಪ-ಅಮ್ಮಂದಿರು ಮಗನನ್ನೋ ಮಗಳನ್ನೋ ನೋಡಲು ಅಲ್ಲಿಗೆ ಹೋದಾಗ ಊಟದ ಪ್ರಶ್ನೆ ಎದುರಾಗುತ್ತದೆ. ದನದ ಮಾಂಸ ಮುಟ್ಟದವರು ಹಂದಿ ಮಾಂಸದ ಹೋಟೆಲಿಗೋ, ಚುನ್‌ಚೊನ್ ಶೈಲಿಯಲ್ಲಿ ದೊಡ್ಡ ಬಾಣಲೆಯ ಮೇಲೆ ಕೋಸು, ಗೆಣಸಿನ ಜೊತೆ ಕೋಳಿ ಹುರಿಯುವ ಹೋಟೆಲಿಗೋ ಹೋಗಬಹುದು. ಅಲ್ಲಿಯೂ ಬಾಣಲೆ ಮೇಜಿನ ನಡುವೆಯೇ ಇರುತ್ತದೆ. ಸಸ್ಯಾಹಾರಿಗಳ ಪಾಡು ಕಷ್ಟ. ಸೊಪ್ಪಿನ ಸಾರಿನಂತೆ ಕಾಣುವುದರಲ್ಲಿ ಒಣಮೀನಿನ ಕಟ್ಟು ಇರುತ್ತದೆ. ಕಿಮ್ಚಿಯಲ್ಲಿ ಉಪ್ಪುಹಾಕಿದ ಸೀಗಡಿಯೋ ಮೀನಿನ ರಸವೋ ಇರುತ್ತದೆ. ಕೇಳದೆ ಬಾಯಿಗಿಡುವಂತಿಲ್ಲ.

ಆದರೆ ಅದೇ ಕೊರಿಯಾದಲ್ಲಿ ಬೌದ್ಧ ಮಠಗಳ ಅಡುಗೆ ಎಂಬುದೊಂದು ಇದೆ. ಮಾಂಸ, ಮೀನು ಇಲ್ಲ, ಬೆಳ್ಳುಳ್ಳಿ-ಈರುಳ್ಳಿ ಜಾತಿಯ ಐದು ಘಾಟು ಪದಾರ್ಥಗಳೂ ಇಲ್ಲ. ನಮ್ಮಲ್ಲಿ ವ್ರತದ ದಿನ ಈರುಳ್ಳಿ ಬಿಡುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಸಿಯೋಲ್‌ನ ಜೊಗ್ಯೆಸಾ ದೇಗುಲದ ಎದುರು ಜೊಗ್ಯೆ ಪಂಥದವರೇ ನಡೆಸುವ ಬಾರು ಗೊಂಗ್ಯಾಂಗ್ ಎಂಬ ಹೋಟೆಲಿದೆ. ಬೆಗ್ಯಾಂಗ್ಸಾ ಮಠದ ಭಿಕ್ಷುಣಿ ಜೊಂಗ್ ಕ್ವಾನ್ ಅವರ ಅಡುಗೆಯನ್ನು 2017ರಲ್ಲಿ ನೆಟ್‌ಫ್ಲಿಕ್ಸ್‌ನ ‘ಶೆಫ್ಸ್ ಟೇಬಲ್’ ಸರಣಿ ಲೋಕಕ್ಕೆಲ್ಲ ತೋರಿಸಿತು. ಸುವೊನ್‌ನಲ್ಲೇ ಇರುವ ಬೊಂಗ್ನ್ಯೊಂಗ್ಸಾ ಎಂಬ ಭಿಕ್ಷುಣಿಯರ ಮಠ ಈ ಬಗೆಯ ಅಡುಗೆಗೆ ಹೆಸರಾದದ್ದು. ಬುದ್ಧನ ಹುಟ್ಟುಹಬ್ಬ ಹೆಚ್ಚಾಗಿ ಬರುವುದು ಇದೇ ಮೇ ತಿಂಗಳಲ್ಲಿ. ಅಂದು ದೇಶದ ಎಷ್ಟೋ ಮಠಗಳಲ್ಲಿ ಬಂದವರಿಗೆಲ್ಲ ಸೊಪ್ಪು-ತರಕಾರಿ ಕಲಸಿದ ಅನ್ನ, ಬಿಬಿಂಬಾಪ್, ಉಚಿತವಾಗಿ ಬಡಿಸುತ್ತಾರೆ. ಕಾಗದದ ದೀಪಗಳ ಸಾಲಿನ ಕೆಳಗೆ ಬಟ್ಟಲು ಹಿಡಿದು ಮನೆಮಂದಿಯೆಲ್ಲ ಕೂತು ಉಣ್ಣುತ್ತಾರೆ. ಕರ್ನಾಟಕದಿಂದ ಹೋಗುವ ಸಸ್ಯಾಹಾರಿ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಕೊರಿಯನ್ ಊಟ ಇಲ್ಲ.

ಮನೆಮಂದಿಯ ಈ ಮೇಜು ಕೊರಿಯಾದಲ್ಲಿ ಕಿರಿದಾಗುತ್ತಿದೆ. 2023ರ ಲೆಕ್ಕದಂತೆ ಅಲ್ಲಿನ ಮನೆಗಳಲ್ಲಿ ಶೇ 35.5ರಷ್ಟು ಒಬ್ಬರೇ ಇರುವ ಮನೆಗಳು. ಗಾಲ್ಬಿ ಹೋಟೆಲುಗಳಲ್ಲಿ ಕನಿಷ್ಠ ಇಬ್ಬರ ಪಾಲು ಮಾಂಸ ಹೇಳಬೇಕೆಂಬ ನಿಯಮ ಬಹಳ ಕಡೆ ಇದೆ. ಒಂಟಿಯಾಗಿ ಬಂದವರು ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ. ಇನ್ನೊಂದು ಕಡೆ, ಮಕ್ಕಳಿಗೆ ಪ್ರವೇಶವಿಲ್ಲ ಎಂದು ಫಲಕ ಹಾಕುವ ಹೋಟೆಲುಗಳು, ಕೆಫೆಗಳು ಕಾಣಿಸಿಕೊಂಡಿವೆ. ಹದಿಮೂರು ವರ್ಷದವರೆಗಿನ ಮಕ್ಕಳನ್ನು ಒಳಗೆ ಬಿಡದ ಜೆಜು ದ್ವೀಪದ ಒಂದು ಹೋಟೆಲಿನ ವಿಚಾರದಲ್ಲಿ ಅಲ್ಲಿನ ಮಾನವ ಹಕ್ಕುಗಳ ಆಯೋಗ 2017ರಲ್ಲಿ ಇದು ತಾರತಮ್ಯ ಎಂದು ಹೇಳಿತು. ಆಯೋಗದ ಮಾತಿಗೆ ಶಿಫಾರಸಿನ ಬಲವಷ್ಟೇ ಇರುವುದರಿಂದ ಫಲಕಗಳು ಹೋಗಲಿಲ್ಲ. 2023ರಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಕ್ಕಳು ಎಂಬ ಮಟ್ಟಕ್ಕೆ ಜನನ ಇಳಿದ ನಾಡು ಅದು. ಇರುವ ಕೆಲವೇ ಮಕ್ಕಳನ್ನು ಬಾಗಿಲಲ್ಲಿ ತಡೆಯುವುದು ಸರಿಯಲ್ಲ. ಗಲಾಟೆ ಮಾಡುವ ಮಗುವನ್ನು ಸುಮ್ಮನಿರಿಸುವುದು ಹಿರಿಯರ ಹೊಣೆ. ಅದಕ್ಕಾಗಿ ಎಲ್ಲ ಮಕ್ಕಳನ್ನೂ ಹೊರಗಿಡುವುದು ನ್ಯಾಯವಲ್ಲ. ಮೇಜಿನಲ್ಲಿ ಕೂತು ಉಣ್ಣುವುದನ್ನು ಮಕ್ಕಳು ಮೇಜಿನಲ್ಲಿಯೇ ಕಲಿಯಬೇಕು.

ಮಾಂಸ ಮುಗಿಯಿತು, ಹೊಟ್ಟೆ ತುಂಬಿತು ಎಂದು ಹೊಸಬರು ಅಂದುಕೊಳ್ಳುವ ಹೊತ್ತಿಗೆ ಬಡಿಸುವಾಕೆ ಬಂದು ಊಟಕ್ಕೆ ಏನು ಬೇಕು ಎಂದು ಕೇಳುತ್ತಾಳೆ. ಅಷ್ಟು ಹೊತ್ತು ತಿಂದದ್ದು ಮಾಂಸ, ಊಟ ಈಗ. ಐಸ್ ತೇಲುವ ತಣ್ಣನೆ ಸಾರಿನಲ್ಲಿ ಬಕ್‌ವೀಟ್ ಶಾವಿಗೆ ಹಾಕಿದ ನೆಂಗ್‌ಮ್ಯೊನ್ ಬರುತ್ತದೆ. ಉತ್ತರದ ಪ್ಯೊಂಗ್ಯಾಂಗ್ ಕಡೆಯ ಊಟವಾಗಿದ್ದ ಇದನ್ನು ಕೊರಿಯಾ ಯುದ್ಧದ ಕಾಲದಲ್ಲಿ ಊರು ಬಿಟ್ಟು ಬಂದವರು ದಕ್ಷಿಣದಲ್ಲೆಲ್ಲ ಹರಡಿದರು. ಅಜ್ಜ ಅಜ್ಜಿಯರು ಇದನ್ನು ಕೇಳಿ ತರಿಸಿಕೊಳ್ಳುತ್ತಾರೆ. ಕೆಂಡದ ಬಿಸಿಯ ಮುಂದೆ ಒಂದು ಗಂಟೆ ಕೂತ ಬಾಯಿಗೆ ಆ ತಂಪು ಬಹಳ ಹಿತ. ಇನ್ನು ಕೆಲವರಿಗೆ ಅನ್ನ ಮತ್ತು ಸೋಯಾ ಗೊಜ್ಜಿನ ಕುದಿಯುವ ಸಾರು. ಕೊನೆಗೆ ದುಡ್ಡು ಕೊಡುವ ಜಗಳ. ಬಿಲ್ಲು ಕಟ್ಟುವುದು ಬಾಗಿಲ ಬಳಿಯ ಕೌಂಟರಿನಲ್ಲಿ. ಶೌಚಾಲಯಕ್ಕೆ ಹೋಗುವವನಂತೆ ಎದ್ದ ಅಳಿಯ ಮೊದಲೇ ಕಟ್ಟಿಬಿಟ್ಟಿರುತ್ತಾನೆ. ಮಾವ ಅವನ ಕೈಹಿಡಿದು ಎಳೆಯುತ್ತಾನೆ. ಬಟ್ಟೆಗೆ ಹತ್ತಿದ ಹೊಗೆಯ ವಾಸನೆ ಹೋಗಲೆಂದು ಬಾಗಿಲಲ್ಲಿ ಸಿಂಪಡಿಸುವ ಬಾಟಲಿ ಇಟ್ಟಿರುತ್ತಾರೆ, ಪಕ್ಕದಲ್ಲಿ ಪುಟ್ಟ ಕಾಗದದ ಲೋಟಕ್ಕೆ ಕಾಫಿ ಸುರಿಯುವ ಯಂತ್ರ.

ಬೆಂಗಳೂರಿನಲ್ಲೂ ಈಗ ಕೊರಿಯನ್ ಹೋಟೆಲುಗಳಿವೆ. 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿರುವ ಆಂಧ್ರದ ಪೆನುಕೊಂಡದಲ್ಲಿಯೂ ಕೊರಿಯನ್ ಊಟ ಸಿಗುತ್ತದೆ. ಟಿವಿ ಸರಣಿಗಳನ್ನು ನೋಡಿದ ಮಕ್ಕಳು ಅಪ್ಪ-ಅಮ್ಮನನ್ನು ಎಳೆದುಕೊಂಡು ಹೋಗುತ್ತಾರೆ. ಹೋಗಬೇಕು. ವಾರದ ಕೊನೆಯಾದರೆ ಮೊದಲೇ ಫೋನ್ ಮಾಡಿ ಮೇಜು ಹಿಡಿದಿಡಿ. ಅಜ್ಜಿಗೆ ಹೊಗೆ ತಾಗದ ಜಾಗ ಕೇಳಿ. ಕಿಮ್ಚಿಯಲ್ಲಿ ಮೀನಿದೆಯೇ ಎಂದು ಕೇಳಲು ಸಂಕೋಚ ಬೇಡ. ಕೂತ ಮೇಲೆ ಅಮ್ಮ ಅಭ್ಯಾಸಬಲದಿಂದ ಇಕ್ಕಳಕ್ಕೆ ಕೈಹಾಕುತ್ತಾಳೆ. ಅದನ್ನು ಅವಳಿಂದ ತೆಗೆದುಕೊಳ್ಳಿ.